ಎರಡು ಸಲ ತಟ್ಟಿದರೆ ಇಳಿಸು

ಉದ್ದಣ್ಣನಿಗೆ ಅವನ ಭಾವನನ್ನು ಕಂಡರೆ ಆಗುತ್ತಿರಲಿಲ್ಲ. ಭಾವನಿಗೂ ಅಷ್ಟೇ. ಹನ್ನೊಂದು ತಿಂಗಳಿಂದ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಆದರೂ ಬೆಳಗಾದರೆ ಒಂದೇ ವ್ಯಾನಿನಲ್ಲಿ ಕೂತು, ಒಂದೇ ಟೀವಿಯ ಎರಡು ತುದಿ ಹಿಡಿದು, ಕಂಡಕಂಡವರ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಹೀಗೂ ಇರುತ್ತದೆಯೇ ಎಂದು ಕೇಳಬೇಡಿ. ಹೊಟ್ಟೆಪಾಡು ಇಬ್ಬರನ್ನು ಕಟ್ಟಿಹಾಕಿದರೆ ಹೀಗೂ ಇರುತ್ತದೆ.

ಅಂಗಡಿಯ ಯಜಮಾನ ಅವರನ್ನು ಬೇರೆ ಮಾಡಲು ಒಪ್ಪುತ್ತಿರಲಿಲ್ಲ. ಇಬ್ಬರೂ ಆರಡಿ ಎರಡಿಂಚು. ಉಳಿದ ಹೊರುವವರೆಲ್ಲ ಅವರ ಭುಜದ ಕೆಳಗೆ. ದೊಡ್ಡ ಟೀವಿ ಹೊರುವಾಗ ಒಬ್ಬ ಗಿಡ್ಡನಾದರೆ ಭಾರವೆಲ್ಲ ಜಾರಿ ಅವನ ಪಾಲಿಗೇ ಬರುತ್ತದೆ. ಹಾಗಾಗಿ ಎಂಬತ್ತು ಇಂಚು ದಾಟಿದ ಯಾವ ಟೀವಿ ಬಂದರೂ "ಕರೀರಿ ಆ ಜೋಡಿ ಕಂಬಗಳನ್ನ" ಎನ್ನುತ್ತಿದ್ದ ಯಜಮಾನ. ಕಂಬಗಳು ಮುಖ ಊದಿಸಿಕೊಂಡು ಬರುತ್ತಿದ್ದವು.

ಈ ಟೀವಿಗಳ ಭಾರದ ವಿಷಯವನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಕೊಳ್ಳುವವರಿಗೆ ಅದು ಗೊತ್ತೇ ಇರುವುದಿಲ್ಲ. ತೊಂಬತ್ತೆಂಟು ಇಂಚಿನದು ಪೆಟ್ಟಿಗೆ ಸೇರಿ ಹತ್ತಿರಹತ್ತಿರ ಎಂಬತ್ತು ಕಿಲೋ. ಸಿಮೆಂಟು ಹೊರುವವನು ಒಬ್ಬನೇ ಐವತ್ತು ಕಿಲೋ ಹೊರುವುದಿಲ್ಲವೇ, ಇದೇನು ಮಹಾ ಎನ್ನಬಹುದು. ಮೂಟೆ ಪಾಪದ್ದು, ಹೆಗಲ ಮೇಲೆ ಹತ್ತಿ ಕೂರುತ್ತದೆ, ಮೈಗೆ ಒರಗುತ್ತದೆ. ಟೀವಿಗೆ ಆ ಸೌಜನ್ಯವಿಲ್ಲ. ಮಂಚಕ್ಕಿಂತ ಉದ್ದ, ಎದೆಗಿಂತ ಎತ್ತರ, ಹಿಡಿಯಲು ಒಂದು ಕಿವಿಯೂ ಇಲ್ಲ. ಮಲಗಿಸುವ ಹಾಗಿಲ್ಲ, ಬಗ್ಗಿಸುವ ಹಾಗಿಲ್ಲ, ಎದುರಿನಿಂದ ಅಂಗೈಯಿಟ್ಟು ಒತ್ತಿದರೆ ಒಳಗಿನ ಗಾಜು ಹೋಯಿತು. ಲಿಫ್ಟಿನಲ್ಲಂತೂ ಹಿಡಿಯುವುದೇ ಇಲ್ಲ. ಎಲ್ಲಿಗೆ ಬೇಕಾದರೂ ಸಲೀಸಾಗಿ ಸಾಗಿಸಬಹುದು ಎಂದು ಜಾಹೀರಾತಿನಲ್ಲಿ ಒಬ್ಬ ಹೆಂಗಸು ನಗುನಗುತ್ತಾ ಒಂದೇ ಕೈಯಲ್ಲಿ ಹಿಡಿದು ನಿಂತಿರುತ್ತಾಳೆ. ಉದ್ದಣ್ಣನಿಗೆ ಆಕೆಯನ್ನು ಒಮ್ಮೆ ಮೆಟ್ಟಿಲ ಬುಡದಲ್ಲಿ ಭೇಟಿಯಾಗುವ ಆಸೆ ಇತ್ತು.

ಮೆಟ್ಟಿಲು ಹತ್ತುವಾಗ ಒಬ್ಬ ಮೇಲೆ, ಒಬ್ಬ ಕೆಳಗೆ. ಮೇಲಿನವನು ಭಾವ. ಪೆಟ್ಟಿಗೆಯ ಅಡಿಯಿಂದ ಸುತ್ತಿದ ಅಗಲವಾದ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡಿರುತ್ತಾನೆ, ಹಾಗಾಗಿ ಒಂದು ಕೈ ಬಿಡುವಾಗಿರುತ್ತದೆ. ದಾರಿ ನೋಡುವುದು ಅವನ ಕೆಲಸ. ಕೆಳಗಿನವನು ಉದ್ದಣ್ಣ. ಅವನ ಕಣ್ಣಿಗೆ ಕಾಣುವುದು ಮೂಗಿನ ಮುಂದಿನ ರಟ್ಟು ಮಾತ್ರ. ಮೆಟ್ಟಿಲ ಗೂಡಿನಲ್ಲಿ ಕೂಗಿದ ಮಾತು ನಾಲ್ಕು ಗೋಡೆಗೆ ಬಡಿದು ಏನೇನೋ ಆಗುವುದರಿಂದ, ಒಂಬತ್ತು ವರ್ಷದ ಹಿಂದೆಯೇ ಇಬ್ಬರೂ ಒಂದು ಪದ್ಧತಿ ಮಾಡಿಕೊಂಡಿದ್ದರು. ಭಾವ ಪೆಟ್ಟಿಗೆಯ ಮೇಲೆ ಒಂದು ಸಲ ತಟ್ಟಿದರೆ ಮೆಟ್ಟಿಲು ಬಂತು. ಎರಡು ಸಲ ತಟ್ಟಿದರೆ ನಿಲ್ಲು, ಇಳಿಸು. ಮೂರು ಸಲ ತಟ್ಟಿದರೆ ಎತ್ತು. ತಟ್ಟುವವನು ಯಾವಾಗಲೂ ಭಾವ, ಪಾಲಿಸುವವನು ಯಾವಾಗಲೂ ಉದ್ದಣ್ಣ. ಒಂಬತ್ತು ವರ್ಷದಲ್ಲಿ ಆ ತಟ್ಟು ಅವನ ಕಿವಿಗೆ ಹೋಗುವುದನ್ನೇ ಬಿಟ್ಟು ನೇರ ಕೈಗೆ ಹೋಗುವಂತಾಗಿತ್ತು. ಮಾತು ಬಿಟ್ಟ ಮೇಲೂ ಕೆಲಸ ನಡೆಯುತ್ತಿದ್ದದ್ದು ಇದರಿಂದಲೇ.

ಜಗಳ ಹುಟ್ಟಿದ್ದೂ ಇದರಿಂದಲೇ.

ಉದ್ದಣ್ಣನ ಅಮ್ಮ ಮಗಳ ಮನೆಯಲ್ಲಿ, ಅಂದರೆ ಭಾವನ ಮನೆಯಲ್ಲಿ, ಮೂರನೇ ಮಹಡಿಯಲ್ಲಿದ್ದಳು. ಮಂಡಿ ನೋವಿಗೆ ಡಾಕ್ಟರಿಗೆ ತೋರಿಸಬೇಕಾಗಿತ್ತು. ಆ ಕಟ್ಟಡದಲ್ಲಿ ಲಿಫ್ಟಿಲ್ಲ. ಇಬ್ಬರು ಹೊರುವವರೇ ಮನೆಯಲ್ಲಿರುವಾಗ ಯೋಚನೆ ಯಾಕೆ ಎಂದು ಅವಳನ್ನು ಕೈಗಳಿರುವ ಮರದ ಕುರ್ಚಿಯಲ್ಲಿ ಕೂರಿಸಿ ಇಳಿಸತೊಡಗಿದರು. ಬೆನ್ನು ಹಿಡಿದವನು ಭಾವ. ಮುಂದಿನ ಕಾಲುಗಳನ್ನು ಹಿಡಿದು, ಅಮ್ಮನಿಗೆ ಬೆನ್ನು ಮಾಡಿ ಇಳಿಯುತ್ತಿದ್ದವನು ಉದ್ದಣ್ಣ. ಎರಡನೇ ತಿರುವಿನಲ್ಲಿ ಮರದ ಮೇಲೆ ಟಕ್, ಟಕ್ ಎಂದು ಎರಡು ಸಲ ಕೇಳಿತು. ಉದ್ದಣ್ಣ ಇಳಿಸಿದ. ಭಾವ ಇಳಿಸಲಿಲ್ಲ. ಕುರ್ಚಿ ಮುಂದಕ್ಕೆ ಮಗುಚಿ ಅಮ್ಮ ಅವನ ಪಕ್ಕದಿಂದ ಜಾರಿ ಆರು ಮೆಟ್ಟಿಲು ಉರುಳಿದಳು. ಸೊಂಟದ ಮೂಳೆ ಮುರಿಯಿತು.

"ಎರಡು ಸಲ ತಟ್ಟಿದೆ ನೀನು!" ಎಂದು ಉದ್ದಣ್ಣ ಅಲ್ಲೇ ಅಬ್ಬರಿಸಿದ. ಅಕ್ಕನ ಮದುವೆಯಾದಂದಿನಿಂದ ಭಾವನಿಗೆ ಕೊಟ್ಟಿದ್ದ 'ನೀವು' ಆ ಮೆಟ್ಟಿಲ ಮೇಲೇ ಮುಗಿಯಿತು.

"ನಾನು ತಟ್ಟಲೇ ಇಲ್ಲ! ನೀನು ಕೈಬಿಟ್ಟೆ!"

"ಸುಳ್ಳ! ನನ್ನಮ್ಮನ್ನ ಬೀಳಿಸಿ ನನ್ನ ಮೇಲೇ ಹಾಕ್ತೀಯಾ?"

ಕೆಳಗೆ ಬಿದ್ದವಳು ನರಳುತ್ತಿದ್ದಳು. ಇವರು ಅವಳ ತಲೆಯ ಮೇಲಿಂದಲೇ ಕಿರುಚಾಡಿದರು. ಕೊನೆಗೆ ಅಕ್ಕ ಓಡಿಬಂದು ಇಬ್ಬರ ಕೆನ್ನೆಗೂ ಒಂದೊಂದು ಬಾರಿಸಿ ಆಂಬುಲೆನ್ಸಿಗೆ ಫೋನು ಮಾಡಿದಳು.

ಆಸ್ಪತ್ರೆಯಿಂದ ಅಮ್ಮನನ್ನು ಗುರುತಿಲ್ಲದ ನಾಲ್ವರು ಸ್ಟ್ರೆಚರಿನಲ್ಲಿ ಹೊತ್ತು ಮೇಲಕ್ಕೆ ತಂದರು. ತಿರುವು ತಿರುವಿಗೂ ಗೋಡೆಗೆ ಬಡಿದರು. ಮಂಚ ಸೇರಿದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: ಇನ್ನು ನನ್ನನ್ನು ಹೊತ್ತರೆ ನನ್ನ ಮಗ, ನನ್ನ ಅಳಿಯ ಹೊರಬೇಕು, ಬೇರೆಯವರು ಮುಟ್ಟಿದರೆ ಕಚ್ಚುತ್ತೇನೆ. ಕಚ್ಚುವವಳೇ ಅವಳು. ಹೀಗೆ ಹನ್ನೊಂದು ತಿಂಗಳಿಂದ ಅವಳ ಕಾಲು ನೆಲ ಕಂಡಿರಲಿಲ್ಲ. ಉದ್ದಣ್ಣ ವಾರಕ್ಕೊಮ್ಮೆ, ಭಾವ ಹೊರಗೆ ಹೋದ ಹೊತ್ತು ನೋಡಿಕೊಂಡು, ಹಣ್ಣು ಹಿಡಿದು ಹೋಗುತ್ತಿದ್ದ. ಮಂಚದ ಪಕ್ಕ ಕೂತು ಒಂದು ಗಂಟೆ ಭಾವನ ಜನ್ಮ ಜಾಲಾಡುತ್ತಿದ್ದ. ಅಮ್ಮ ಗೋಡೆ ನೋಡುತ್ತಿದ್ದಳು. ನೀರು ಬೇಕಾದಾಗ ಮಂಚದ ಕಟ್ಟು ತಟ್ಟುತ್ತಿದ್ದಳು. ಬಾಯಿಬಿಟ್ಟು ಕರೆಯುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಕಡಿಮೆ.

ಆ ದಿನ ಬೆಳಿಗ್ಗೆ ವ್ಯಾನು ಹತ್ತುವಾಗಲೇ ಅಕ್ಕನ ಫೋನು ಬಂತು.

"ನಾಳೆ ಹತ್ತು ಗಂಟೆಗೆ ಮೂಳೆ ಡಾಕ್ಟರು ಬರಹೇಳಿದಾರೆ. ಸೊಂಟದ ಕೀಲು ಬಿಗಿದುಕೊಳ್ತಾ ಇದೆಯಂತೆ. ನಾಳೆ ತೋರಿಸದಿದ್ರೆ ಇನ್ನು ಆಯಸ್ಸು ಪೂರ್ತಿ ಹಾಸಿಗೆನೇ ಗತಿ ಅಂದ್ರು. ಇಬ್ಬರೂ ಸೇರಿ ಇಳಿಸಿ ಕೊಡ್ರೋ."

"ಆ ಸುಳ್ಳನ ಜೊತೆ ಅಮ್ಮನ ಕುರ್ಚಿ ನಾನು ಮುಟ್ಟಲ್ಲ. ಅವನು ತಪ್ಪು ಒಪ್ಕೊಳ್ಳಲಿ, ಆಮೇಲೆ ನೋಡೋಣ."

"ಅವರೂ ಅದೇ ಹೇಳ್ತಾರೆ. ಕಂಡೋರ ಟೀವಿ ಹೊರೋಕೆ ನಿಮ್ಮಿಬ್ಬರ ಕೈ ಕೂಡುತ್ತೆ. ಹೆತ್ತೋಳನ್ನ ಹೊರೋಕೆ ಕೂಡಲ್ಲ. ಥೂ ನಿಮ್ಮ!" ಎಂದು ಅಕ್ಕ ಫೋನು ಕುಕ್ಕಿದಳು.

ಭಾವ ವ್ಯಾನಿನ ಆ ತುದಿಯಲ್ಲಿ ಕೂತು ಕಿಟಕಿಯ ಆಚೆ ನೋಡುತ್ತಿದ್ದ. ಫೋನಿನ ದನಿ ಅವನಿಗೂ ಕೇಳಿಸಿತ್ತು. ಅವನ ದವಡೆ ಅಲುಗಾಡುವುದನ್ನು ಕಂಡು, ಈ ಮನುಷ್ಯನಿಗೆ ಎದೆಯಲ್ಲಿ ಕಲ್ಲಿದೆ ಎಂದುಕೊಂಡ ಉದ್ದಣ್ಣ. ತನ್ನ ಎದೆಯಲ್ಲಿ ಏನಿದೆ ಎಂದು ನೋಡಿಕೊಳ್ಳಲಿಲ್ಲ.

ಟೀವಿ ಹೋಗಬೇಕಾದ ಮನೆ ಎರಡನೇ ಮಹಡಿಯದು. ಮನೆಯೊಡೆಯರು ಕೈಯಲ್ಲಿ ಅಳತೆ ಟೇಪು ಹಿಡಿದೇ ಕೆಳಗಿನ ಬಾಗಿಲಿಗೆ ಬಂದರು. ಗೋಡೆಯನ್ನು ಮೂರು ಸಲ ಅಳೆದಿದ್ದರಂತೆ. ಸೋಫಾದಿಂದ ಗೋಡೆಗೆ ಎಷ್ಟು ದೂರ ಎಂಬುದನ್ನೂ ಅಳೆದಿದ್ದರಂತೆ. ಮೆಟ್ಟಿಲ ತಿರುವನ್ನು ಅಳೆದಿರಾ ಎಂದು ಉದ್ದಣ್ಣ ಕೇಳಿದಾಗ ಟೇಪಿನವರು ಟೇಪನ್ನೇ ನೋಡಿಕೊಂಡರು.

"ಅಂಗಡೀಲಿ ನೋಡಿದಾಗ ಕಾಗದದ ಹಾಗೆ ತೆಳ್ಳಗಿತ್ತಪ್ಪ. ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ?"

"ಕಾಗದ ಅಂತ ನಾವು ಮಡಚಿ ತರೋಕಾಗುತ್ತಾ ಸಾರ್?"

"ಆಮೇಲೆ ಬೇಜಾರಾದ್ರೆ ಮಲಗೋ ಕೋಣೆಗೆ ನಾವೇ ಸರಿಸ್ಕೋಬಹುದು ತಾನೇ? ನಾನು, ನನ್ನ ಹೆಂಡತಿ?"

"ಧಾರಾಳವಾಗಿ. ಸರಿಸೋ ಮುಂಚೆ ಒಂದು ಫೋನ್ ಮಾಡಿ, ಬಂದು ಗಾಜು ಗುಡಿಸಿಕೊಡ್ತೀವಿ."

ಟೇಪಿನವರಿಗೆ ಸಿಟ್ಟು ಬಂತು. ಅಂಗಡಿಗೆ ದೂರು ಕೊಡುತ್ತೇನೆ ಎಂದರು. ಕೊಡಿ ಎಂದ ಉದ್ದಣ್ಣ. ಅವನಿಗೆ ಆ ದಿನ ಯಾರನ್ನಾದರೂ ಹರಿದು ತಿನ್ನುವಷ್ಟು ಕೋಪವಿತ್ತು. ಟೇಪಿನವರು ಕೈಗೆ ಸಿಕ್ಕಿದರು, ಅಷ್ಟೇ.

ಭಾವ ಮೂರು ಸಲ ತಟ್ಟಿದ. ಎತ್ತಿದರು. ಟೇಪಿನವರು ಗೋಡೆಗೆ ಒತ್ತಿಕೊಂಡು ಪಕ್ಕದಲ್ಲೇ ಹತ್ತಿದರು. ಮೊದಲ ಮೆಟ್ಟಿಲಸಾಲು ಸರಾಗವಾಗಿ ದಾಟಿತು. ಎರಡನೆಯದರ ತಿರುವು ಇಕ್ಕಟ್ಟು. ಇಂಥ ಕಡೆ ಪೆಟ್ಟಿಗೆಯನ್ನು ಓರೆ ಮಾಡಿ, ಮೇಲಿನ ಮೂಲೆಯನ್ನು ಕಂಬಿಯ ಮೇಲಿಂದ ದಾಟಿಸಬೇಕು. ಆಗ ಪಟ್ಟಿ ಹೆಗಲಿಂದ ಜಾರುತ್ತದೆ. ಮೇಲಿನವನು ಅದನ್ನು ಎರಡೂ ಮುಂಗೈಗೆ ಸುತ್ತಿಕೊಂಡು ಎಳೆದು ಹಿಡಿಯಬೇಕು. ಭಾರದ ಮುಕ್ಕಾಲು ಪಾಲು ಆ ಕ್ಷಣಕ್ಕೆ ಕೆಳಗಿನವನದು. ಬೆವರು ಉದ್ದಣ್ಣನ ಕಣ್ಣಿಗಿಳಿದು ಉರಿಯುತ್ತಿತ್ತು. ಮೂಗಿನ ಮುಂದೆ ರಟ್ಟು. ಆ ರಟ್ಟಿನ ಆಚೆ, ಹನ್ನೊಂದು ತಿಂಗಳಿಂದ ಒಂದು ತಪ್ಪು ಒಪ್ಪಿಕೊಳ್ಳದ ಮನುಷ್ಯ.

ಟಕ್, ಟಕ್.

ಉದ್ದಣ್ಣ ಇಳಿಸಿದ. ಇಳಿಸಬೇಕು ಎಂದು ಅವನು ಅಂದುಕೊಳ್ಳಲೇ ಇಲ್ಲ, ಕೈಗಳೇ ಇಳಿದವು. ಇಳಿಸಲು ಅಲ್ಲಿ ನೆಲವಿರಲಿಲ್ಲ, ಮೆಟ್ಟಿಲ ಅಂಚಿತ್ತು. ಪೆಟ್ಟಿಗೆಯ ಕೆಳಮೂಲೆ ಆ ಅಂಚಿಗೆ ತಾಗಿ ಜಾರಿತು. ಎಂಬತ್ತು ಕಿಲೋ ಹಿಂದಕ್ಕೆ, ಅವನ ಎದೆಯ ಮೇಲಕ್ಕೆ ವಾಲಿತು. ಹಿಂದೆ ಹತ್ತು ಮೆಟ್ಟಿಲು, ಅದರ ಬುಡದಲ್ಲಿ ಗೋಡೆ.

"ಹಿಡ್ಕೋ!"

ಹನ್ನೊಂದು ತಿಂಗಳಲ್ಲಿ ಭಾವ ಅವನಿಗೆ ಆಡಿದ ಮೊದಲ ಮಾತು ಅದು. ಪೆಟ್ಟಿಗೆ ಅರ್ಧದಲ್ಲಿ ನಿಂತಿತು. ಉದ್ದಣ್ಣ ಭುಜ ಕೊಟ್ಟು, ಮಂಡಿ ಕೊಟ್ಟು, ಕೊನೆಗೆ ಹಣೆಯನ್ನೂ ಕೊಟ್ಟು ತಡೆದ. ಇಂಚು ಇಂಚಾಗಿ ಇಬ್ಬರೂ ಅದನ್ನು ತಿರುವಿನ ಸಮನೆಲಕ್ಕೆ ಎಳೆದು ನಿಲ್ಲಿಸಿದರು. ಆಮೇಲೆ ಉದ್ದಣ್ಣ ಪೆಟ್ಟಿಗೆಯನ್ನು ಬಳಸಿಕೊಂಡು ಮೇಲೆ ಹೋದ. ಹೊಡೆಯುವುದಕ್ಕೇ ಹೋದ.

"ಇವತ್ತೂ ತಟ್ಟಿದೆ! ಎರಡು ಸಲ ತಟ್ಟಿದೆ! ಇವತ್ತೂ ಇಲ್ಲ ಅನ್ನು ನೋಡೋಣ!"

ಭಾವ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ಒಂದು ಕಾಲು ಗೋಡೆಗೆ, ಒಂದು ಕಾಲು ಕಂಬಿಗೆ ಒತ್ತಿಕೊಂಡೇ ಇತ್ತು. ಅವನು ಎರಡೂ ಕೈ ಮೇಲೆತ್ತಿ ತೋರಿಸಿದ. ಎರಡು ಮುಂಗೈಗೂ ಪಟ್ಟಿ ಮೂರು ಸುತ್ತು ಬಿಗಿದಿತ್ತು. ಬೆರಳುಗಳು ನೀಲಿಗಟ್ಟಿದ್ದವು. ಒಂದು ಅಂಗೈಯ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು.

"ಯಾವ ಕೈಯಲ್ಲಿ ತಟ್ಲಿ? ಮೂರನೇದು ಎಲ್ಲಿದೆ, ತೋರಿಸು."

"ಅದು... ನಾನೇ ತಟ್ಟಿದ್ದು," ಎಂದರು ಗೋಡೆಗೆ ಅಂಟಿಕೊಂಡಿದ್ದ ಟೇಪಿನವರು. "ಒಳಗೆ ಥರ್ಮೊಕೋಲು ಸರಿಯಾಗಿ ಇದೆಯಾ ಅಂತ ನೋಡಿದೆ. ಯಾಕೆ, ತಟ್ಟಬಾರದಾ?"

ಉದ್ದಣ್ಣ ಭಾವನ ಕೈಗಳನ್ನೇ ನೋಡುತ್ತಿದ್ದ. ಅವನ ಕಣ್ಣಿಗೆ ಬೇರೊಂದು ಮೆಟ್ಟಿಲು ಕಾಣುತ್ತಿತ್ತು. ಆ ದಿನ ಪಟ್ಟಿಯೇ ಇರಲಿಲ್ಲ. ಕುರ್ಚಿಗೆ ಯಾರು ಪಟ್ಟಿ ಕಟ್ಟುತ್ತಾರೆ? ಭಾವ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಒಂದು ಕೈ ಬಿಟ್ಟು ತಟ್ಟಿದ್ದರೆ ಕುರ್ಚಿ ಪಕ್ಕಕ್ಕೆ ಬೀಳಬೇಕಾಗಿತ್ತು, ಮುಂದಕ್ಕಲ್ಲ. ಒಂಬತ್ತು ವರ್ಷ ಭಾರ ಹೊತ್ತವನಿಗೆ ಇದು ತಿಳಿಯದ ಲೆಕ್ಕವೇ? ಹನ್ನೊಂದು ತಿಂಗಳು ಬೈಯುವುದರಲ್ಲೇ ಮುಳುಗಿದ್ದವನಿಗೆ ಒಂದು ನಿಮಿಷ ಕೂತು ಯೋಚಿಸಲು ಪುರುಸೊತ್ತಿರಲಿಲ್ಲ. ಹಾಗಾದರೆ ತಟ್ಟಿದವರು ಯಾರು ಎಂದು ಕೇಳಿಕೊಂಡ. ಕೇಳಿಕೊಳ್ಳುತ್ತಿದ್ದಂತೆ ಮಂಚದ ಕಟ್ಟಿನ ಮೇಲೆ ತಟ್ಟುವ ಅಮ್ಮನ ಬೆರಳ ಗೆಣ್ಣುಗಳು ನೆನಪಾದವು.

ನಾಚಿಕೆ ಬಂತೆಂದರೆ ನೀವು ಮೆಚ್ಚಬಹುದು. ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಭಾವ ಸರಿಯಿದ್ದನಲ್ಲ ಎಂಬ ಸಿಟ್ಟು. ಸರಿಯಿದ್ದವನ ಮುಖವನ್ನು ನಾಳೆಯಿಂದ ನೋಡಬೇಕಲ್ಲ ಎಂಬ ಸಿಟ್ಟು.

ಟೀವಿಯನ್ನು ಗೋಡೆಗೆ ಏರಿಸಿದರು. ಅದೃಷ್ಟಕ್ಕೆ ಮೂಲೆಯ ಥರ್ಮೊಕೋಲು ಪುಡಿಯಾಗಿತ್ತೇ ಹೊರತು ಗಾಜಿಗೆ ಗೀರೂ ಆಗಿರಲಿಲ್ಲ. ಟೇಪಿನವರು ಮೂಗು ತಾಗುವಷ್ಟು ಹತ್ತಿರ ನಿಂತು ಎಡದಿಂದ ಬಲಕ್ಕೆ ಪರೀಕ್ಷಿಸಿ, ಸ್ವಲ್ಪ ಚಿಕ್ಕದಾಯಿತೇನೋ ಎಂದರು.

ವ್ಯಾನಿನ ಹಿಂಬಾಗಿಲ ಬಳಿ ಭಾವ ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಒಂದೇ ಕೈಯಲ್ಲಿ ಗಂಟು ಬೀಳುತ್ತಿರಲಿಲ್ಲ. ಉದ್ದಣ್ಣ ಹತ್ತಿರ ಹೋಗಿ ನಿಂತ.

"ಅವತ್ತು ತಟ್ಟಿದ್ದು ಅಮ್ಮ," ಎಂದ. "ಕುರ್ಚಿ ಕೈ ಮೇಲೆ. ಏನೋ ಬೇಕಿತ್ತೇನೋ. ನಾನು ಇಳಿಸಿಬಿಟ್ಟೆ."

ಭಾವ ತಲೆಯೆತ್ತಲಿಲ್ಲ.

"ಹನ್ನೊಂದು ತಿಂಗಳು," ಎಂದ. "ನಂಟರ ಮುಂದೆ ಸುಳ್ಳ ಅಂದೆ. ಅಂಗಡೀಲಿ ಕೊಲೆಗಡುಕ ಅಂದೆ. ನನ್ನ ಮಕ್ಕಳು ನನ್ನ ಕೇಳಿದ್ರು, ಅಪ್ಪಾ, ಅಜ್ಜೀನ ನೀನೇ ಬೀಳಿಸಿದೆಯಂತೆ ಹೌದಾ ಅಂತ. ಈಗ ಬಂದು ಇಳಿಸಿಬಿಟ್ಟೆ ಅಂತೀಯಾ? ಹೋಗು ಆ ಕಡೆ."

"ಕ್ಷಮಿಸಿ ಭಾವ."

"ಕ್ಷಮಿಸಲ್ಲ. ನಾಳೆ ಒಂಬತ್ತು ಗಂಟೆಗೆ ಬಾ. ಅತ್ತೆಗೋಸ್ಕರ ಬಾ. ಅವರ ಮುಂದೆ ಮಾತ್ರ ಇದನ್ನ ಎತ್ತಬೇಡ. ತಾನೇ ತಟ್ಟಿ ತಾನೇ ಬಿದ್ದೆ ಅಂತ ಆ ಮುದುಕಿಗೆ ಗೊತ್ತಾದ್ರೆ ಎದೆ ಒಡೆದುಹೋಗುತ್ತೆ. ನಾನೇ ತಟ್ಟಿದ್ದು ಅಂತಲೇ ಇರಲಿ."

ಆ ಮಾತು ಉದ್ದಣ್ಣನಿಗೆ ಹೊಡೆತಕ್ಕಿಂತ ಜೋರಾಗಿ ತಾಗಿತು. ಬಟ್ಟೆಯ ಗಂಟು ಹಾಕಲು ಕೈ ಚಾಚಿದ. ಭಾವ ಕೈ ಎಳೆದುಕೊಂಡು ಹಲ್ಲಿನಿಂದಲೇ ಗಂಟು ಬಿಗಿದ.

ಮರುದಿನ ಒಂಬತ್ತಕ್ಕೆ ಉದ್ದಣ್ಣ ಅಕ್ಕನ ಮನೆಯ ಬಾಗಿಲಲ್ಲಿದ್ದ. ಅಕ್ಕ ಒಳಗೆ ಬಾ ಎನ್ನಲಿಲ್ಲ, ಬಾಗಿಲು ಬಿಟ್ಟು ಸರಿದಳು. ಅದೇ ಮರದ ಕುರ್ಚಿ ಹಜಾರದ ಮಧ್ಯೆ ಇತ್ತು. ಈ ಸಲ ಭಾವ ಅಂಗಡಿಯ ಅಗಲ ಪಟ್ಟಿ ತಂದು ಕುರ್ಚಿಯ ಕಾಲುಗಳಿಗೆ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದ. ಅಮ್ಮನನ್ನು ಎತ್ತಿ ಕೂರಿಸಿದರು. ಅವಳ ಮೈ ಹಿಡಿಯಷ್ಟಾಗಿತ್ತು. ಅವರು ಹೊತ್ತ ಯಾವ ಟೀವಿಯೂ ಇಷ್ಟು ಹಗುರವಿರಲಿಲ್ಲ.

ಅವನು ಮುಂದಿನ ಕಾಲು ಹಿಡಿಯಲು ಬಗ್ಗಿದ. ಎದುರಿಗೆ ಅಮ್ಮನ ಮಡಿಲು. ಅವಳು ಎರಡೂ ಕೈ ಮಡಿಲಲ್ಲಿ ಹೆಣೆದುಕೊಂಡಿದ್ದಳು. ಬೆರಳುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹೆಣೆದುಕೊಂಡಿದ್ದಳು.

"ಕುರ್ಚಿ ಕೈ ಹಿಡ್ಕೊಳಮ್ಮ. ಭಯ ಆಗುತ್ತೆ."

"ಬೇಡ. ಹಿಡ್ಕೊಂಡ್ರೆ ತಟ್ಟಿಬಿಡ್ತೀನಿ."

ಉದ್ದಣ್ಣ ಬಗ್ಗಿದವನು ಬಗ್ಗಿದಲ್ಲೇ ಉಳಿದ.

"ನಿನಗೆ... ಗೊತ್ತಿತ್ತಾ?"

"ಬಿದ್ದೋಳು ನಾನು. ನನಗೆ ಗೊತ್ತಿರಲ್ವಾ? ಕನ್ನಡಕ ಒಳಗೇ ಮರೆತಿದ್ದೆ, ನಿಲ್ಲಿ ಅಂತ ತಟ್ಟಿದೆ. ಎರಡು ಸಲ ತಟ್ಟಿದ್ರೆ ನಿನ್ನ ಕೈಗೆ ಇಳಿಸು ಅಂತ ಅರ್ಥ ಅನ್ನೋದು, ನೀವು ಕಿತ್ತಾಡೋದು ಕೇಳಿ ಅಲ್ಲೇ ತಿಳೀತು, ಮೆಟ್ಟಿಲ ಮೇಲೆ ಬಿದ್ದುಕೊಂಡಿದ್ದಾಗ."

"ಮತ್ತೆ ಯಾಕಮ್ಮ ಹೇಳಲಿಲ್ಲ?" ಉದ್ದಣ್ಣನ ದನಿ ಒಡೆಯಿತು. "ಹನ್ನೊಂದು ತಿಂಗಳು! ಒಂದು ಮಾತು ಹೇಳಿದ್ರೆ ಆಗ್ತಿತ್ತು!"

ಅಮ್ಮ ಮಗನನ್ನು ನೋಡಿದಳು. ಕತ್ತು ಹೊರಳಿಸಿ ಅಳಿಯನನ್ನೂ ನೋಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ವಾರವಾರ ಬಂದು ಇವರನ್ನ ಬೈದೆ. ಇವರು ದಿನಾ ಕೂತು ನಿನ್ನ ಬೈದ್ರು. ಕೇಳಿಸಿಕೊಂಡೆ. ಅಮ್ಮಾ, ಏನಾಯ್ತು ಅಂತ ಯಾವತ್ತಾದ್ರೂ ಒಬ್ಬರು ನನ್ನ ಕೇಳಿದ್ರೇನೋ? ಕೇಳಲಿ, ಹೇಳ್ತೀನಿ ಅಂತ ಕಾಯ್ತಾ ಇದ್ದೆ."

ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ಕೇಳದವರಲ್ಲಿ ತಾನೂ ಒಬ್ಬಳು ಎಂಬುದು ಅವಳಿಗೂ ಹೊಳೆದಿರಬೇಕು, ನೆಲ ನೋಡುತ್ತಿದ್ದಳು.

"ಎತ್ತಿ," ಎಂದಳು ಅಮ್ಮ. "ಡಾಕ್ಟರು ಹತ್ತು ಗಂಟೆಗೆ ಅಂದಿದಾರೆ."

ಉದ್ದಣ್ಣ ಅವಳಿಗೆ ಬೆನ್ನು ಮಾಡಿ ಕುರ್ಚಿಯ ಕಾಲು ಹಿಡಿದ. ಭಾವ ಬಟ್ಟೆ ಸುತ್ತಿದ ಕೈಯಿಂದ ಮರದ ಮೇಲೆ ಮೂರು ಸಲ ತಟ್ಟಿದ. ಎತ್ತಿದರು. ಮೂರು ಮಹಡಿ ಇಳಿಯುವವರೆಗೂ ಉದ್ದಣ್ಣ ಒಂದು ಸದ್ದಿಗಾಗಿ ಕಿವಿಗೊಟ್ಟಿದ್ದ. ಅಮ್ಮ ತಟ್ಟಲಿಲ್ಲ, ಕೈ ಹೆಣೆದುಕೊಂಡೇ ಕೂತಿದ್ದಳು.